ದೊಡ್ಡವ್ವ ಜರಿ ಉಡಿಸಿದ ಲಕ್ಷ್ಮಿ

ಹೋದ ದೀಪಾವಳಿ ಮುಂದ ಮನಿ ಸ್ವಚ್ಛ ಮಾಡೂ ಹೊತ್ತಿನ್ಯಾಗ ಸೊಸಿ ದೇವರ ಖೋಲಿಯಿಂದ ಒಂದು ಫೋಟೋ ಹಿಡ್ಕೊಂಡು ಬಂದ್ಲು. "ಅತ್ತಿ, ಇದರ ಗಾಜು ಸೀಳೈತಿ, ಬಣ್ಣಾನೂ ಮಾಸೈತಿ. ಹೊಳಿಗೆ ಬಿಟ್ಟು ಬಂದು ಹೊಸಾದು ತರೋಣೇನ್ರಿ?" ಅಂದ್ಲು. ಒಡದ ಗಾಜಿನ ದೇವರನ್ನ ಮನ್ಯಾಗ ಇಡಬಾರದು ಅಂತ ಹಿರ್ಯಾರ ಹೇಳ್ಯಾರ, ಆಕಿದೇನೂ ತಪ್ಪಿಲ್ಲ. ಆದ್ರ ನನಗ ಹೂಂ ಅನ್ನಾಕ ಬಾಯಿ ಬರಲಿಲ್ಲ.

ನಮ್ಮ ಮನಿಗೆ ಅರಿಶಿಣ-ಕುಂಕುಮಕ್ಕ ಬಂದವರೆಲ್ಲ ಆ ಲಕ್ಷ್ಮೀನ್ನ ನೋಡೀರಿ. ಕಮಲದ ಮ್ಯಾಲೆ ನಿಂತಾಳ, ನಾಲ್ಕು ಕೈ, ಬಾಜೂಕ ಸೊಂಡಿಲಿನ್ಯಾಗ ಮಾಲಿ ಹಿಡದ ಆನಿ. ಸೀರಿ ದಡಿಗುಂಟ ಖರೇ ಜರಿ, ಕೊರಳಾಗ ಖರೇ ಮಣಿ ಹಚ್ಚೈತಿ. ಅದನ್ನ ಹಚ್ಚಿದಾಕಿ ನಮ್ಮ ದೊಡ್ಡವ್ವ. ಅಂದ್ರ ನಮ್ಮ ಮಾವನವರ ಅಣ್ಣನ ಹೆಂಡತಿ. ಆಕಿ ಕತಿ ಕಡೀಕ ಹೇಳ್ತೀನಿ. ಮೊದಲ ಈ ಫೋಟೋದ ಕತಿ ಹೇಳಬೇಕು. ಅದು ತಿಳದ ಮ್ಯಾಲೇ ನನಗ ದೊಡ್ಡವ್ವನ ಕೆಲಸದ ಬೆಲಿ ತಿಳೀತು.

ನಾವು ಬಾಯಿರೂಢಿಯಾಗ ಇದಕ್ಕ ಫೋಟೋ ಅಂತೀವಿ. ಖರೇ ಹೇಳಬೇಕಂದ್ರ ಇದು ಫೋಟೋನೂ ಅಲ್ಲ, ಕೈಲೆ ಬರೆದ ಚಿತ್ರಾನೂ ಅಲ್ಲ. ಇದು ಕಲ್ಲಿನಿಂದ ತೆಗೆದ ಅಚ್ಚು. ಕಲ್ಲಚ್ಚು ಅಂತಾರ, ಲಿಥೋ ಅಂತಲೂ ಅಂತಾರ. ಕಾಗದದ ತಳಕ್ಕ ಸಣ್ಣ ಅಕ್ಷರದಾಗ ರವಿವರ್ಮಾ ಪ್ರೆಸ್, ಕಾರ್ಲಾ-ಲೋಣಾವಳಾ ಅಂತ ಇಂಗ್ಲಿಷಿನ್ಯಾಗ ಐತಿ. ಮೂವತ್ತು ವರ್ಷ ಅದರ ಮುಂದ ದೀಪಾ ಹಚ್ಚೀನಿ, ಆ ಸಾಲು ಓದಿದ್ದು ಮಾತ್ರ ಮೊನ್ನೆ.

ಕಲ್ಲಿನಿಂದ ಚಿತ್ರಾ ಹೆಂಗ ಬರತೈತಿ ಅಂತ ನನಗೂ ಆಶ್ಚರ್ಯ ಆಗಿತ್ತು. ಇದರ ಮೂಲ ಒಂದು ಮನೀ ಕೆಲಸದಾಗ ಐತಿ ಅಂದ್ರ ನೀವು ನಗ್ತೀರಿ. ಜರ್ಮನಿಯ ಮ್ಯೂನಿಕ್ ಊರಾಗ ಅಲೋಯಿಸ್ ಸೆನೆಫೆಲ್ಡರ್ ಅಂತ ಒಬ್ಬ ನಾಟಕ ಬರೆಯಾಂವ ಇದ್ದ. ತನ್ನ ನಾಟಕ ಕಡಿಮಿ ಖರ್ಚಿನ್ಯಾಗ ಛಾಪಿಸಬೇಕಂತ ಏನೇನೋ ಪ್ರಯೋಗ ಮಾಡ್ತಿದ್ದ. 1796ರ ಸುಮಾರಿಗೆ ಒಂದಿನ ಅವರವ್ವ ಅಗಸರಿಗೆ ಹಾಕೂ ಅರಬಿ ಪಟ್ಟಿ ಬರಕೋ ಅಂದ್ಲಂತ. ಕೈಯಾಗ ಕಾಗದ ಇರಲಿಲ್ಲ. ಮೇಣ, ಸಬಕಾರ, ದೀಪದ ಕಾಡಿಗಿ ಕೂಡಿಸಿ ತಾನೇ ಮಾಡಿದ್ದ ಶಾಯಿಲೆ ಅಲ್ಲೇ ಇದ್ದ ನುಣ್ಣನೆ ಕಲ್ಲಿನ ಮ್ಯಾಲೆ ಬರದ. ಅಲ್ಲಿಂದ ಹೊಳದ ವಿಚಾರ ಎರಡು ವರ್ಷದಾಗ ಪೂರಾ ವಿದ್ಯೆ ಆತು. ಈ ಸಂಗತಿ ಆತನೇ ಬರದಿಟ್ಟಾನ. ಅರಬಿ ಲೆಕ್ಕದಿಂದ ಇಷ್ಟು ದೊಡ್ಡ ವಿದ್ಯೆ ಹುಟ್ಟೈತಿ ಅಂದ್ರ, ನಮ್ಮ ಲೆಕ್ಕದ ಪುಸ್ತಕಗಳನ್ನೂ ಹಗುರಾಗಿ ನೋಡಬಾರದು ಬಿಡ್ರಿ.

ಅದರ ಗುಟ್ಟು ನಮಗೆಲ್ಲ ಗೊತ್ತಿರೂದೇ: ಎಣ್ಣಿ ನೀರು ಕೂಡೂದಿಲ್ಲ. ಸುಣ್ಣದ ಕಲ್ಲಿನ ಮ್ಯಾಲೆ ಜಿಡ್ಡಿನ ಕಡ್ಡೀಲೆ ಚಿತ್ರಾ ಬರೀತಾರ. ಆಮ್ಯಾಲೆ ಕಲ್ಲು ತೋಯಿಸ್ತಾರ. ಚಿತ್ರ ಇಲ್ಲದ ಜಾಗ ನೀರು ಕುಡೀತೈತಿ, ಜಿಡ್ಡಿನ ಗೆರಿ ನೀರು ಹತ್ತಿಸ್ಕೊಳ್ಳೂದಿಲ್ಲ. ಮ್ಯಾಲೆ ಎಣ್ಣಿ ಶಾಯಿ ಉರುಳಿಸಿದ್ರ ಅದು ಗೆರಿಗೆ ಮಾತ್ರ ಹತ್ತತೈತಿ. ಕಾಗದ ಇಟ್ಟು ಒತ್ತಿದ್ರ ಚಿತ್ರ ಬಂತು. ಎಡಬಲ ಅದಲು ಬದಲು ಆಗತೈತಿ ಅಂತ ಕಲ್ಲಿನ ಮ್ಯಾಲೆ ಎಲ್ಲಾ ತಿರುವಾಗಿ ಬರೀಬೇಕು. ಕಲ್ಲಂದ್ರ ನಮ್ಮ ಶಹಾಬಾದ ಫರಸಿ ಜಾತಿಯದೇ, ಆದ್ರ ಭಾಳ ನುಣುಪಿನದು. ಎಲ್ಲಾಕಿಂತ ಚಲೋ ಕಲ್ಲು ಜರ್ಮನಿಯ ಸೋಲ್ನ್‌ಹೋಫೆನ್ ಅನ್ನೂ ಊರಿಂದ ಹಡಗಿನ್ಯಾಗ ಬರತಿತ್ತು.

ನಮ್ಮ ಕನ್ನಡಕ್ಕೂ ಈ ಕಲ್ಲಿನ ಋಣ ಐತಿ. ಮಂಗಳೂರಿನ ಬಾಸೆಲ್ ಮಿಶನ್‌ದವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಛಾಪಖಾನೆ ಹಾಕಿದ್ರು. 1843ರ ಜುಲೈ 1ಕ್ಕ ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ 'ಮಂಗಳೂರ ಸಮಾಚಾರ', ನಮ್ಮ ಭಾಷಾದ ಮೊದಲನೇ ಪತ್ರಿಕೆ, ಅಚ್ಚಾಗಿದ್ದು ಕಲ್ಲಿನ ಮ್ಯಾಲೇ.

ಇನ್ನ ಬಣ್ಣದ ಚಿತ್ರದ ಮಾತು. ರಬಕವಿ-ಬನಹಟ್ಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಮಗ್ಗ ನೆನೆಸಿಕೊಂಡ್ರ ಸಾಕು. ಮೂರು ಬಣ್ಣದ ದಡಿಗೆ ಮೂರು ಲಾಳಿ ಬೇಕಲ್ಲ, ಹಂಗ ಬಣ್ಣಕ್ಕೊಂದು ಕಲ್ಲು. ಹಳದಿ ಒಂದು ಕಲ್ಲು, ಕೆಂಪಿಗೆ ಒಂದು, ಮೈಬಣ್ಣಕ್ಕ ಒಂದು. ಹತ್ತು-ಹನ್ನೆರಡು ಕಲ್ಲು ಹಿಡೀತಿದ್ದ ಚಿತ್ರಗಳೂ ಇದ್ದವು. ಒಂದೇ ಕಾಗದ ಒಂದೊಂದು ಕಲ್ಲಿನ ಕೆಳಗ ಹಾದು ಬರಬೇಕು. ಕೂದಲೆಳಿಯಷ್ಟು ಸರದ್ರ ಲಕ್ಷ್ಮಿ ತುಟಿ ಗಲ್ಲಕ್ಕ ಬರತೈತಿ. ದಡಿ ಒಡಲು ಕೂಡಿ ಬರದ ಸೀರಿ ಹೆಂಗ ಕಾಣತೈತಿ, ಹಂಗ. ಕಡೀಕ ಮ್ಯಾಲೆ ವಾರ್ನಿಶ್ ಹೊಡದು ಎಣ್ಣಿಬಣ್ಣದ ಚಿತ್ರದಂಗ ಹೊಳಪು ತರ್ತಿದ್ರು. ಅದಕ್ಕ ಓಲಿಯೋಗ್ರಾಫ್ ಅನ್ನೂ ಹೆಸರು ಬಂತು.

ಈ ವಿದ್ಯೆಯಿಂದ ದೇವರನ್ನ ಮನಿಮನಿಗೆ ತಂದಾಂವ ರಾಜಾ ರವಿವರ್ಮ. 1848ರಲ್ಲಿ ಕೇರಳದ ಕಿಳಿಮಾನೂರಿನ್ಯಾಗ ಹುಟ್ಟಿದವರು. ಬರೋಡಾ ಮಹಾರಾಜರಿಗೆ 14 ಪೌರಾಣಿಕ ಚಿತ್ರ ಬರದುಕೊಟ್ಟಿದ್ರು. ಅರಮನಿ ಗ್ವಾಡಿಮ್ಯಾಲಿನ ಚಿತ್ರಾನ ಬಡವರು ನೋಡೂದು ಯಾವಾಗ? ನಿಮ್ಮ ಚಿತ್ರಗಳ ಅಚ್ಚು ತೆಗಸ್ರಿ ಅಂತ ದಿವಾನ ಟಿ. ಮಾಧವರಾವ್ ಮೊದಲೇ ಸಲಹೆ ಕೊಟ್ಟಿದ್ರು. 1894ರಲ್ಲಿ ರವಿವರ್ಮರು ತಮ್ಮ ರಾಜರಾಜವರ್ಮರ ಕೂಡ ಮುಂಬೈಯಾಗ ಪ್ರೆಸ್ ತೆಗೆದ್ರು. ಮೊದಲು ಅಚ್ಚಾಗಿದ್ದು ಶಕುಂತಲೆ ಹುಟ್ಟಿದ ಚಿತ್ರ. ಮುಂಬೈಯಾಗ ಪ್ಲೇಗು ಹಬ್ಬಿತು, ಸಾಲನೂ ಬೆಳೀತು. 1899ರ ಸುಮಾರಿಗೆ ಪ್ರೆಸ್ಸು ಲೋಣಾವಳಾ ಹತ್ರ ಮಳವಲಿಗೆ ಹೋತು. ಅಷ್ಟಾದರೂ ನಡಸಾಕ ಆಗದ, ಸ್ವಲ್ಪ ವರ್ಷದಾಗ ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ಕಸಬುದಾರ ಫ್ರಿಟ್ಜ್ ಶ್ಲೈಕರ್‌ಗೆ ಮಾರಿಬಿಟ್ರು. ರವಿವರ್ಮರು 1906ರಲ್ಲಿ ತೀರ್ಕೊಂಡ್ರು. ಪ್ರೆಸ್ಸು ಮಾತ್ರ ಆಮ್ಯಾಲೆ ಭಾಳ ವರ್ಷ ನಡೀತು. ಕಡೀಕ 1972ರಲ್ಲಿ ಅದಕ್ಕ ಬೆಂಕಿ ಬಿತ್ತು. ಅವರ ಕೈಲೆ ಬರದ ಮೂಲ ಚಿತ್ರ ನೋಡಬೇಕನ್ನೂವ್ರು ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನಿಗೆ ಹೋಗ್ರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಲುವಾಗಿ ಬರದ ಚಿತ್ರ ಅಲ್ಲಿ ಅದಾವು.

ಭಾದ್ರಪದದಾಗ ಮಣ್ಣಿನ ಗಣಪ್ಪ, ಜಗಲಿಮ್ಯಾಲೆ ಹಿತ್ತಾಳಿ ಮೂರ್ತಿ, ಗುಡಿಯಾಗ ಕಲ್ಲಿನ ದೇವರು ನಮ್ಮವರಿಗೆ ಮೊದಲಿಂದ ಇದ್ದವು. ಆದ್ರ ನಮ್ಮ-ನಿಮ್ಮಂಗ ಸೀರಿ ಉಟ್ಟು, ಕಣ್ಣಾಗ ಕಣ್ಣಿಟ್ಟು ನೋಡೂ ಲಕ್ಷ್ಮಿ ಬಡವರ ಗ್ವಾಡಿಗೆ ಬಂದಿದ್ದು ಈ ಅಚ್ಚಿನ ಕಾಲದಾಗ. ಗುಡಿ ಒಳಗ ಬಿಟ್ಟುಕೊಳ್ಳದವರ ಮನಿಯಾಗೂ ಅಕಿ ಬಂದು ನಿಂತ್ಲು, ಯಾರಪ್ಪಣೀನೂ ಬೇಕಾಗಲಿಲ್ಲ.

ನಮ್ಮ ಕಡೆ ಇವು ಹೆಂಗ ಬಂದವು? ಆಗ ರಬಕವಿ ಸಾಂಗ್ಲಿ ಸಂಸ್ಥಾನದಾಗಿತ್ತು, ಬಾಜೂಕಿನ ಬನಹಟ್ಟಿ ಜಮಖಂಡಿ ಸಂಸ್ಥಾನದಾಗ. ನಮ್ಮ ನೇಕಾರರ ವ್ಯಾಪಾರದ ದಾರಿ ಸಾಂಗ್ಲಿ, ಮಿರಜ, ಪುಣೆ ಕಡೆಗೇ ಇತ್ತು. ಪುಣೆಯೊಳಗ ವಿಷ್ಣುಶಾಸ್ತ್ರಿ ಚಿಪಳೂಣಕರ ಮತ್ತು ಅವರ ಗೆಳೆಯರು 1878ರಲ್ಲೇ ಚಿತ್ರಶಾಳಾ ಪ್ರೆಸ್ ಹಾಕಿ ಬಣ್ಣದ ದೇವರ ಚಿತ್ರ ತೆಗೀತಿದ್ರು. ಸೀರಿ ಗಂಟು ಹೊತ್ತು ಹೋದವರು ಬರೂಮುಂದ ಸುರುಳಿ ಸುತ್ತಿದ ಚಿತ್ರ ತರ್ತಿದ್ರು ಅಂತ ನಮ್ಮತ್ತಿ ಹೇಳ್ತಿದ್ರು.

ಇದರಾಗ ನೇಕಾರರಿಗೆ ನೋವಿನದೂ ಒಂದು ಮಾತೈತಿ. ಮ್ಯಾಂಚೆಸ್ಟರ್ ಮಿಲ್ಲಿನ ಅರಬಿ ತಾನುಗಳ ಮ್ಯಾಲೆ ಕೈಯಗಲದ ಬಣ್ಣದ ಟಿಕೇಟು ಅಂಟಿಸಿರ್ತಿದ್ರು. ಅದರಾಗ ಲಕ್ಷ್ಮಿ, ಕೃಷ್ಣ, ಆನಿ, ಹುಲಿ. ಅವೂ ಇಂಥ ಕಲ್ಲಚ್ಚೇ. ಓದಾಕ ಬರದವರು ಚಿತ್ರ ನೋಡಿ ಮಾಲು ಗುರುತು ಹಿಡೀಲಿ ಅಂತ. ಕೈಮಗ್ಗದ ಅನ್ನಾ ಕಸ್ಕೊಂಡ ಅರಬಿ, ನಮ್ಮ ದೇವರ ಮುಖಾ ಹೊತ್ತೇ ನಮ್ಮ ಪ್ಯಾಟಿಗೆ ಬಂತು. ನಮ್ಮ ಹೆಣ್ಮಕ್ಕಳು ಆ ಟಿಕೇಟನ್ನ ಬಿಸಾಕಲಿಲ್ಲ. ಹಗೂರಕ ಬಿಚ್ಚಿ ಜಗಲಿಗೆ ಹಚ್ಚಿದ್ರು.

ಈಗ ಸ್ವಲ್ಪ ಜಗಲಿ ಬಿಟ್ಟು ಸಾಲಿಗೆ ಹೋಗೋಣು. ನಾವು ಸಾಲಿ ಕಲಿಯೂಮುಂದ ಗ್ವಾಡಿಮ್ಯಾಲೆ ದಾಸವಾಳದ ಹೂ ನಡೂಕ ಕೊಯ್ದು ತೋರಿಸಿದ ನಕಾಶೆ ತೂಗುಬಿಟ್ಟಿರ್ತಿದ್ರು, ನೆನಪೈತಲ್ಲ? ದೇವರ ಚಿತ್ರಕ್ಕೂ ಆ ನಕಾಶೆಗೂ ಏನು ಸಂಬಂಧ ಅನಬ್ಯಾಡ್ರಿ. ಲಕ್ಷ್ಮೀನ ತೆಗೆದ ಜಾತಿಯ ಕಲ್ಲೇ ಗಿಡಗಂಟಿ ಚಿತ್ರಾನೂ, ಊರಿನ ನಕಾಶೆನೂ, ರೋಗದ ಚಿತ್ರಾನೂ ತೆಗೀತಿತ್ತು. ಕ್ಯಾಮೆರಾ ಇದ್ದಿದ್ದಿಲ್ಲ, ಇದ್ದರೂ ಬಣ್ಣ ಬರತಿದ್ದಿಲ್ಲ. ಡಾಕ್ಟರ್‌ಗೂ ಭಕ್ತರಿಗೂ ಚಿತ್ರಗಾರನ ಕಣ್ಣೇ ಬೇಕಾಗಿತ್ತು.

ಕಲ್ಲಚ್ಚು ಬರೂಕಿಂತ ಮೊದಲು ತಾಮ್ರದ ತಗಡಿನ ಮ್ಯಾಲೆ ಕೊರೀತಿದ್ರು. ಕೊಚ್ಚಿಯೊಳಗಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರದ ಗಿಡಮೂಲಿಕೆ ಎಲ್ಲಾ ಬರಸಿ 'ಹೋರ್ಟಸ್ ಮಲಬಾರಿಕಸ್' ಅನ್ನೂ ಪುಸ್ತಕ ಮಾಡಿಸಿದ. 1678ರಿಂದ 1693ರ ತನಕ ಆಮ್ಸ್ಟರ್‌ಡ್ಯಾಮಿನ್ಯಾಗ 12 ಸಂಪುಟ ಬಂದವು, ಏಳುನೂರರ ಮ್ಯಾಲೆ ಚಿತ್ರ. ಗಿಡದ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಅನ್ನೂ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಅನ್ನೂ ಮೂವರು ಕೊಂಕಣಿ ಪಂಡಿತರು. ಪುಣ್ಯಕ್ಕ ಅವರ ಹೆಸರು ಪುಸ್ತಕದಾಗೇ ಉಳದಾವು.

ಕಲ್ಲಚ್ಚಿನ ಕಾಲಕ್ಕ ಮದ್ರಾಸ್ ಕಡೆ ರಾಬರ್ಟ್ ವೈಟ್ ಅನ್ನೂ ಡಾಕ್ಟರು 1838ರಿಂದ 1853ರ ತನಕ ದಕ್ಷಿಣದ ಗಿಡಗಳ ಆರು ಸಂಪುಟ ತೆಗೆದ್ರು. ಅದರಾಗ 2101 ಚಿತ್ರ. ಬರದವರು ರಂಗಯ್ಯ, ಗೋವಿಂದು ಅನ್ನೂ ನಮ್ಮ ದೇಶದ ಚಿತ್ರಗಾರರು. ಗೋವಿಂದುವಿನ ಕೈಕೆಲಸಕ್ಕ ಮೆಚ್ಚಿ ವೈಟ್ ಒಂದು ಸೀತಾಳಿ ಜಾತಿಯ ಹೂವಿನ ಗಿಡಕ್ಕ 'ಗೋವಿಂದೂಯಾ' ಅಂತ ಹೆಸರಿಟ್ರು. ಮುಂದಿನ ಪಂಡಿತರು ಆ ಗಿಡಾನ ಬ್ಯಾರೆ ಜಾತಿಗೆ ಸೇರಿಸಿದ್ರು, ಆ ಹೆಸರೂ ಚಾಲ್ತಿಯಿಂದ ಹೋತು. ನಮ್ಮ ಶಿವಮೊಗ್ಗದಾಗ 1840ರ ದಶಕದಾಗಿದ್ದ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡ ನೋಡಿ ಚಿತ್ರ ಬರಸ್ತಿದ್ರು. ಆ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯತೋಟದಾಗ ಜತನಾಗಿ ಅದಾವು. ಬರದಾಂವ ಯಾರಂದ್ರ 'ಮರಾಠಾ ಚಿತ್ರಗಾರ' ಅಂತ ಇಷ್ಟ ಗುರುತು. ಹೂವಿನ ಹೆಸರು ಐತಿ, ಬರಸಿದವರ ಹೆಸರು ಐತಿ, ಬರದ ಕೈಯ ಹೆಸರಿಲ್ಲ.

ಇದು ನಮ್ಮವರಿಗಷ್ಟೇ ಆದದ್ದಲ್ಲ. ಡಾಕ್ಟರಕಿ ಕಲಿಯೂವ್ರೆಲ್ಲ ಓದೂ 'ಗ್ರೇಸ್ ಅನಾಟಮಿ' ಗೊತ್ತಲ್ಲ, 1858ರಲ್ಲಿ ಮೊದಲ ಬಂದ ಪುಸ್ತಕ. ಅದರೊಳಗಿನ 363 ಚಿತ್ರ ಬರದಾಂವ ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವು ಮರದ ಅಚ್ಚಿನವು. ಮುಖಪುಟದಾಗ ಕಾರ್ಟರ್ ಹೆಸರು ಸಣ್ಣದಾಗಿ ಹಾಕ್ರಿ ಅಂದಾಂವ ಗ್ರೇ. ಪುಸ್ತಕ ಮಾರಿದಂಗ ದುಡ್ಡು ಗ್ರೇಗೆ ಬಂತು, ಕಾರ್ಟರ್‌ಗೆ ಒಮ್ಮೆ ಕೊಟ್ಟ ಕೂಲಿ ಅಷ್ಟ. ಆ ಕಾರ್ಟರ್ ಅದೇ ವರ್ಷ ಮುಂಬೈಗೆ ಬಂದು ಡಾಕ್ಟರಾದ, ಕೆಲವು ವರ್ಷ ನಮ್ಮ ಬಾಜೂಕಿನ ಸಾತಾರಾದಾಗ ಸರಕಾರಿ ಸರ್ಜನ್ ಇದ್ದ. ಬರಿಗಾಲಿಲೆ ಹೊಲಕ್ಕ ಹೋಗೂವ್ರ ಪಾದ ಬಾತು ಕೊಳೆಯೂ ರೋಗದ ಮ್ಯಾಲೆ 1874ರಲ್ಲಿ ಚಿತ್ರ ಹಾಕಿ ಪುಸ್ತಕ ಬರದ. ಬಡ ರೈತನ ಹುಣ್ಣಿನ ಪಾದಾನ ಅಷ್ಟು ತಾಳ್ಮಿಲೆ ಕೂತು ನೋಡಿದವರು ಅದಕಿಂತ ಮೊದಲು ಎಷ್ಟು ಮಂದಿ ಇದ್ದಾರು?

ಕಲ್ಲಿನ ಬಗ್ಗೆ ಇನ್ನೊಂದು ಹೇಳಿ ಮುಗಸ್ತೀನಿ. ಅಚ್ಚಿನ ಕಲ್ಲು ತೆಗೆಯೂ ಸೋಲ್ನ್‌ಹೋಫೆನ್ ಗಣಿಯಾಗ 1861ರಲ್ಲಿ ಒಂದು ಗರಿಯ ಗುರುತು ಸಿಕ್ಕಿತು. ಕೋಟ್ಯಂತರ ವರ್ಷದ ಹಿಂದಿನ, ಬಾಯಾಗ ಹಲ್ಲಿದ್ದ ಹಕ್ಕಿಯ ಜಾತಿ ಹಿಂಗ ಬೆಳಕಿಗೆ ಬಂತು. ಅದರ ಶಾಸ್ತ್ರೀಯ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಅಚ್ಚಿನ ಕಲ್ಲಿನೊಳಗ ಸಿಕ್ಕಿದ್ದು ಅಂತಲೇ ಆ ಹೆಸರು. ಮನುಷ್ಯಾ ಆ ಕಲ್ಲಿನ ಮ್ಯಾಲೆ ಬರೆಯೂ ಮೊದಲೇ ಅದರಾಗ ಒಂದು ಹಕ್ಕಿ ತನ್ನ ಗುರುತು ಬಿಟ್ಟು ಹೋಗಿತ್ತು.

ಈಗ ದೊಡ್ಡವ್ವನ ಮಾತು.

ನಾ ಮದುವಿಯಾಗಿ ಬಂದಾಗ ಆಕಿಗೆ ಎಪ್ಪತ್ತು ದಾಟಿತ್ತು. ಕಂಬಕ್ಕ ಆತು ಕೂತು ನೂಲಿನ ಕಂಡಕಿ ಸುತ್ತುತ್ತಿದ್ಲು, ಮಾತು ಕಡಿಮಿ. ಆಕಿ ಗಂಡಾ ಸೀರಿ ಹಾಕಾಕ ಸಾಂಗ್ಲಿಗೆ ಹೋದಾಂವ ಎರಡು ಚಿತ್ರಾ ತಂದುಕೊಟ್ಟಿದ್ದ. ಒಂದು ಲಕ್ಷ್ಮಿ, ಇನ್ನೊಂದು ವೀಣಿ ಹಿಡದ ಸರಸ್ವತಿ, ಬಾಜೂಕ ನವಿಲು. ಮರುವರ್ಷ ಆತ ಜ್ವರ ಬಂದು ಸತ್ತ. ಆಗ ಆಕಿಗೆ ಹದಿನೇಳು. ಆಮ್ಯಾಲಿನ ಕತಿ ನಾ ಬರದು ಹೇಳಬೇಕಾಗಿಲ್ಲ, ಒಂದೊಂದು ಮನಿಯಾಗೂ ಒಬ್ಬೊಬ್ಬಾಕಿ ಅಂಥಾಕಿ ಇದ್ಲು. ಬಣ್ಣದ ಸೀರಿ ಇಲ್ಲ, ಹೂ ಇಲ್ಲ, ಬಳಿ ಇಲ್ಲ, ಮಂಗಳಕಾರ್ಯದಾಗ ಮುಂದ ಬರೂದಿಲ್ಲ. ನಮ್ಮದು ಮಗ್ಗದ ಮನಿ. ದಿನಾ ಕಣ್ಣ ಮುಂದ ಜರಿ ದಡಿ ಸೀರಿ ನೇಯೂದು, ಮೈಮ್ಯಾಲೆ ಮಾತ್ರ ಒಂದೇ ಬಣ್ಣದ ಪತ್ತಲ.

ಮಗ್ಗದ ಕೆಳಗ ಬಿದ್ದ ಜರಿ ತುಂಡು ಆಕಿ ಆರಿಸಿ ಒಂದು ಡಬ್ಬ್ಯಾಗ ಇಡ್ತಿದ್ಲಂತ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಗಾಜು ತೆಗೆದು, ಹುಣಸಿ ಪಿಕ್ಕದ ಸರಿ ಹಚ್ಚಿ, ಒಂದೊಂದು ಎಳಿ ಲಕ್ಷ್ಮೀ ಸೀರಿ ದಡಿಗೆ ಅಂಟಸ್ತಿದ್ಲು. ಎಷ್ಟು ದಿನ ಹಿಡೀತು ಅಂತ ನಾ ಒಮ್ಮೆ ಕೇಳಿದ್ದೆ. "ನನಗ ಉಡಾಕ ಬರೂಹಂಗಿದ್ದಿಲ್ಲ, ಆಕಿಗೆ ಉಡಿಸಿದೆ" ಅಂದ್ಲು. ದಿನದ ಲೆಕ್ಕಾ ಹೇಳಲಿಲ್ಲ. ನನಗಾಗ ಇಪ್ಪತ್ತೊಂದು ವರ್ಷ, ಆ ಮಾತಿನ ತೂಕಾ ತಿಳೀಲಿಲ್ಲ.

ಹಿಂಗ ಚಿತ್ರಕ್ಕ ಜರಿ, ಚಮಕಿ, ಅರಬಿ ಅಂಟಸೂದು ಆಕಿಯೊಬ್ಬಾಕಿದೇ ಕೆಲಸಲ್ಲ. ಮಹಾರಾಷ್ಟ್ರ, ತಮಿಳುನಾಡು, ನಮ್ಮ ಕಡೆ ಎಲ್ಲಾ ಹೆಣ್ಮಕ್ಕಳು ಮಾಡ್ಯಾರ. ಸಾವಿರಗಟ್ಟಲೆ ಒಂದೇ ನಮೂನಿ ಅಚ್ಚಾದ ಲಕ್ಷ್ಮಿ, ಒಬ್ಬಾಕಿ ಕೈ ಹತ್ತಿದ ಮ್ಯಾಲೆ ಜಗತ್ತಿನ್ಯಾಗ ಒಂದೇ ಲಕ್ಷ್ಮಿ ಆದ್ಲು. ಚಿತ್ರ ಬರದಾಂವನ ಹೆಸರು, ಪ್ರೆಸ್ಸಿನ ಹೆಸರು ತಳಕ್ಕ ಐತಿ. ಕಲ್ಲಿನ ಮ್ಯಾಲೆ ತಿರುವು ಬರದಾಂವನ ಹೆಸರಿಲ್ಲ, ಜರಿ ಹಚ್ಚಿದಾಕಿ ಹೆಸರೂ ಇಲ್ಲ.

ಇನ್ನ ನನ್ನ ತಪ್ಪು ಹೇಳಬೇಕು. ಹಳೇ ಮನಿ ಕೆಡವಿ ಕಟ್ಟಿಸೂಮುಂದ ಹಳೇ ಸಾಮಾನ ಕೊಳ್ಳಾಂವ ಬಂದಿದ್ದ. ತಾಮ್ರದ ಹಂಡೆ, ಒಡದ ತೊಟ್ಟಿಲು ಕೂಡ ಸರಸ್ವತಿ ಚಿತ್ರಾನೂ ನಾನೇ ಎತ್ತಿ ಕೊಟ್ಟೆ. ಆತ ಎರಡೂ ನೋಡಿದ್ದ. ಲಕ್ಷ್ಮೀನ್ನ ಬ್ಯಾಡಂದ, "ಇದಕ್ಕ ಜರಿ ಹಚ್ಚಿ ಕೆಡಿಸ್ಯಾರ್ರಿ" ಅಂದ. ದೊಡ್ಡವ್ವ ತೀರಿ ಆಗ ಏಳೆಂಟು ವರ್ಷ ಆಗಿತ್ತು. ಆಕಿ ಗಂಡಾ ಕೊಟ್ಟಿದ್ದ ಎರಡೇ ವಸ್ತುವಿನ್ಯಾಗ ಒಂದನ್ನ ನಾ ಹಂಡೆ ಲೆಕ್ಕದಾಗ ಹಾಕಿದೆ. ಇನ್ನೊಂದು ಉಳದದ್ದು ನನ್ನ ಬುದ್ಧಿಯಿಂದಲ್ಲ, ಆಕಿ ಹಚ್ಚಿದ ಜರಿಯಿಂದ. ಇದನ್ನ ಸೊಸಿಗೆ ಹೇಳೂಮುಂದ ನನಗ ಗಂಟಲು ಕಟ್ಟಿತು. ಆಕಿ ಸುಮ್ಮನ ಫೋಟೋ ಒಳಗ ಒಯ್ದು ಇಟ್ಟಳು.

ನಿಮ್ಮ ಮನಿ ಅಟ್ಟದ ಮ್ಯಾಲೆ, ಬಾಗಿಲ ಹಿಂದ ಇಂಥವು ಇರಬಹುದು. ಒಮ್ಮೆ ಇಳಿಸಿ ನೋಡ್ರಿ. ಭೂತಗನ್ನಡಿ ಹಿಡದ್ರ ಈಗಿನ ಕ್ಯಾಲೆಂಡರಿನ್ಯಾಗ ಚುಕ್ಕಿಗಳು ಸಾಲುಸಾಲಾಗಿ ಒಂದೇ ಅಳತಿಲೆ ಕಾಣ್ತಾವು. ಹಳೇ ಕಲ್ಲಚ್ಚಿನ್ಯಾಗ ಚುಕ್ಕಿ ಹೆಂಗ ಬೇಕಂಗ ಇರ್ತಾವು, ಕೈಲೆ ಇಟ್ಟಿದ್ದಲ್ಲ. ತಳದಾಗ ಪ್ರೆಸ್ಸಿನ ಹೆಸರು ನೋಡ್ರಿ. ಲ್ಯಾಮಿನೇಶನ್ ಮಾತ್ರ ಮಾಡಸಬ್ಯಾಡ್ರಿ, ಒಮ್ಮೆ ಅಂಟಿದ್ರ ಬಿಡಸಾಕ ಬರೂದಿಲ್ಲ. ಒದ್ದಿ ಅರಬಿಲೆ ಒರಸಬ್ಯಾಡ್ರಿ. ಬಿಸಲು ಬೀಳೂ ಗ್ವಾಡಿ, ಹಸಿ ಗ್ವಾಡಿ ಎರಡೂ ಬ್ಯಾಡ. ದೀಪ, ಊದಿನಕಡ್ಡಿ ಎರಡು ಗೇಣು ದೂರ ಇಡ್ರಿ. ಕುಂಕುಮ ಗಾಜಿನ ಮ್ಯಾಲೆ ಹಚ್ಚೂದಾದ್ರ ತಳಕ್ಕ ಇಳಿದು ಕಾಗದಕ್ಕ ಹತ್ತದಂಗ ನೋಡ್ರಿ. ಫ್ರೇಮಿನ ಹಿಂದಿನ ಹಳೇ ಕಟಗಿ ಹಲಗಿಯಿಂದ ಕಾಗದ ಕಂದಾಗತೈತಿ, ನಡೂಕ ಚಲೋ ದಪ್ಪ ಕಾಗದ ಹಾಕಸ್ರಿ. ಗಾಜು ಚಿತ್ರಕ್ಕ ತಾಗದಂಗ ಸ್ವಲ್ಪ ಜಾಗಾ ಬಿಡಸ್ರಿ.

ನಾವೂ ಹಂಗ ಮಾಡಿಸಿದ್ವಿ. ಗಾಜು ಹೊಸಾದು, ಲಕ್ಷ್ಮಿ ಹಳೇ ಲಕ್ಷ್ಮೀನೇ. ಶುಕ್ರವಾರ ಮತ್ತ ಜಗಲಿಗೆ ಬಂದ್ಲು. ಗಾಜು ಕೂಡ್ರಸೂ ಮೊದಲು ಹಿಂದಿನ ಹೊಸ ಕಾಗದದ ಮ್ಯಾಲೆ ಸೊಸಿ ಕೈಲೆ ಪೆನ್ಸಿಲಿನಿಂದ ಬರಸೀನಿ. ಶಾಯಿ ಆದ್ರ ಇಳೀತೈತಿ. ಅದರಾಗ ದೊಡ್ಡವ್ವನ ಪೂರಾ ಹೆಸರು ಐತಿ, ಆಕಿ ತವರೂರು ಐತಿ, "ಜರಿ ಕೆಲಸ ಇವರದು" ಅಂತ ಐತಿ. ಬರೆಯೂಮುಂದ ಸೊಸಿ, "ಅತ್ತಿ, ಅವರ ಹೆಸರು ಇದಾ ಅಂತ ನನಗ ಇವತ್ತ ಗೊತ್ತಾತ್ರಿ" ಅಂದ್ಲು. ಎಲ್ಲಾರೂ ದೊಡ್ಡವ್ವ ದೊಡ್ಡವ್ವ ಅಂತಿದ್ವಲ್ಲ. ಆಕಿ ಹೆಸರು ರೇಷನ್ ಕಾರ್ಡಿನ್ಯಾಗ ಬಿಟ್ರ ಬ್ಯಾರೆ ಎಲ್ಲೂ ಬರದಿರಲಿಲ್ಲ.

ನಿಮ್ಮ ಮನಿಯಾಗೂ ಜರಿ, ಮಣಿ, ಚಮಕಿ ಹಚ್ಚಿದ ಚಿತ್ರ ಇದ್ರ, ಹಚ್ಚಿದವರು ಯಾರಂತ ನೆನಪಿದ್ದವರು ಇನ್ನೂ ಇದ್ದಾಗೇ ಕೇಳಿ, ಹಿಂದ ಬರದು ಇಡ್ರಿ.